ಹೊಸ ವಿಂಡೋಸ್, ಹಳೆಯ ಯಂತ್ರ: ಅಪ್‌ಗ್ರೇಡ್ ನಂತರದ ದೋಷಗಳನ್ನು ಲಕ್ಷಣದಿಂದ ಗುರುತಿಸುವ ಬಗೆ

ಕಳೆದ ಬೇಸಿಗೆಯಲ್ಲಿ ಮದ್ದೂರಿನವರೊಬ್ಬರು 2012ರ ಲ್ಯಾಪ್‌ಟಾಪ್ ಒಂದನ್ನು ಸೀರೆ ಅಂಗಡಿಯ ಬಟ್ಟೆಚೀಲದಲ್ಲಿ ಸುತ್ತಿ ತಂದು ಮಂಡ್ಯದ ನನ್ನ ರಿಪೇರಿ ಮೇಜಿನ ಮೇಲಿಟ್ಟರು. ವಿಂಡೋಸ್ 7 ತೆಗೆಸಿ ವಿಂಡೋಸ್ 10 ಹಾಕಿಸಿದ ದಿನದಿಂದ ವೈಫೈ ಇಲ್ಲ, ಮದರ್‌ಬೋರ್ಡ್ ಹೋಗಿದೆ ಎಂದು ಯಾರೋ ಹೇಳಿದ್ದಾರೆ, ಬದಲಿಸಲು ಆರು ಸಾವಿರ ಕೇಳುತ್ತಿದ್ದಾರೆ ಎಂಬುದು ಅವರ ಅಳಲು. ಪೆನ್ ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್‌ನಂಥದೇ ಇನ್ನೊಂದು ಕಾರ್ಯವ್ಯವಸ್ಥೆ) ಬೂಟ್ ಮಾಡಿ, ಅಂದರೆ ಯಂತ್ರವನ್ನು ಅದರಿಂದಲೇ ಆರಂಭಿಸಿ, ಎರಡು ನಿಮಿಷ ಕಳೆಯುವುದರೊಳಗೆ ಅಕ್ಕಪಕ್ಕದ ಅಂಗಡಿಗಳ ವೈಫೈ ಹೆಸರುಗಳು ಪರದೆಯ ಮೇಲೆ ಸಾಲಾಗಿ ನಿಂತವು. ಬೋರ್ಡ್‌ಗೆ ಏನೂ ಆಗಿರಲಿಲ್ಲ; ಹೊಸ ವಿಂಡೋಸ್‌ಗೆ ಆ ಹಳೆಯ ವೈಫೈ ಚಿಪ್‌ನೊಡನೆ ವ್ಯವಹರಿಸುವ ತಂತ್ರಾಂಶ, ಅಂದರೆ ಡ್ರೈವರ್, ಸಿಕ್ಕಿರಲಿಲ್ಲ, ಅಷ್ಟೇ.

ಗ್ರಾಹಕರಿಗೆ ನಾನು ಇದನ್ನು ಬಸ್ಸಿನ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಬಸ್ಸು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಡ್ರೈವರ್ ಬಾರದ ದಿನ ಅದು ಡಿಪೋದಲ್ಲೇ ನಿಲ್ಲುತ್ತದೆ, ಅದಕ್ಕಾಗಿ ಯಾರೂ ಎಂಜಿನ್ ಬಿಚ್ಚುವುದಿಲ್ಲ. ಕಂಪ್ಯೂಟರ್‌ನ ಪ್ರತಿಯೊಂದು ಚಿಪ್‌ಗೂ ಅದನ್ನು ತಯಾರಿಸಿದ ಕಂಪನಿ ಪ್ರತ್ಯೇಕ ಡ್ರೈವರ್ ಬರೆಯುತ್ತದೆ, ಮತ್ತು ಆ ಚಿಪ್‌ನ ಮಾರಾಟ ನಿಂತ ಕೆಲವು ವರ್ಷಗಳಲ್ಲಿ ಹೊಸ ಆವೃತ್ತಿಗಳಿಗೆ ಡ್ರೈವರ್ ಬರೆಯುವುದನ್ನೂ ನಿಲ್ಲಿಸುತ್ತದೆ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ, 8.1ರದು 2023ರ ಜನವರಿ 10ಕ್ಕೆ, 10ರದು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಜನರು ಮುಂದಕ್ಕೆ ಹೋಗಲೇಬೇಕಾಗಿದೆ. ಆದರೆ ಯಂತ್ರದೊಳಗಿನ ಚಿಪ್‌ಗಳು ಅವರ ಜೊತೆ ಮುಂದಕ್ಕೆ ಹೋಗುವುದಿಲ್ಲ. ಈ ಬರಹದಲ್ಲಿರುವ ಪರೀಕ್ಷೆಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಇವೆ: ಕೆಟ್ಟಿರುವುದು ಭಾಗವೋ, ಇಲ್ಲದಿರುವುದು ಡ್ರೈವರೋ? ಅದಕ್ಕೆ ಉತ್ತರ ಸಿಗುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೈ ಹಾಕುವ ಮೊದಲು

ಫೋಟೊ, ಪತ್ರ, ಲೆಕ್ಕಪತ್ರಗಳನ್ನು ಮೊದಲು ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಹಳೆಯ ವಿಂಡೋಸ್‌ನ ಮೇಲೆಯೇ ಅಪ್‌ಗ್ರೇಡ್ ಮಾಡಿದ್ದರೆ, ಸಾಮಾನ್ಯವಾಗಿ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದ ‘ಗೋ ಬ್ಯಾಕ್’ ಆಯ್ಕೆಯಿಂದ ಹಿಂದಿನ ಸ್ಥಿತಿಗೆ ಮರಳಬಹುದು. ಹಿಂದಿನ ವ್ಯವಸ್ಥೆಯು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್‌ನಲ್ಲಿ ಇರುತ್ತದೆಯಾದ್ದರಿಂದ, ಜಾಗ ಸಾಲದೆಂದು ಅದನ್ನು ಅಳಿಸಿದವರಿಗೆ ಈ ದಾರಿ ಮುಚ್ಚಿಹೋಗುತ್ತದೆ. ಡಿಸ್ಕ್ ಒರೆಸಿ ಹೊಸದಾಗಿ ಹಾಕಿಸಿಕೊಂಡವರಿಗೆ ಈ ಸೌಲಭ್ಯ ಮೊದಲಿನಿಂದಲೂ ಇಲ್ಲ.

ಇನ್ನೊಂದು ಸಣ್ಣ ಪರೀಕ್ಷೆ ಇದೆ, ಖರ್ಚಿಲ್ಲದ್ದು, ಹಲವರಿಗೆ ತಿಳಿಯದ್ದು. ವಿಂಡೋಸ್ 10 ಮತ್ತು 11ರಲ್ಲಿ ‘ಶಟ್ ಡೌನ್’ ಒತ್ತಿದರೆ ಯಂತ್ರ ಪೂರ್ತಿ ಹೊಸದಾಗಿ ಆರಂಭವಾಗುತ್ತದೆ ಎಂಬ ಖಾತರಿಯಿಲ್ಲ. ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದಲ್ಲಿ ವ್ಯವಸ್ಥೆಯ ಒಳಭಾಗದ ಸ್ಥಿತಿ, ಅದರೊಂದಿಗೆ ಡ್ರೈವರ್‌ಗಳ ಸ್ಥಿತಿಯೂ ಡಿಸ್ಕ್‌ನಲ್ಲಿ ಉಳಿದು, ಮರುದಿನ ಅದೇ ಗೊಂದಲ ಅಲ್ಲಿಂದಲೇ ಮುಂದುವರಿಯುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಮೂರು ದಿನ ಆರಿಸಿ ಹೊತ್ತಿಸಿ ಬೇಸತ್ತವರ ದೋಷ ಒಂದು ರೀಸ್ಟಾರ್ಟ್‌ನಿಂದ ಹೋದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಲಕ್ಷಣ: ವೈಫೈ ಗುರುತೇ ಕಾಣುವುದಿಲ್ಲ

ಲ್ಯಾಪ್‌ಟಾಪ್‌ನ ಅಂಚಿನಲ್ಲಿ ವೈರ್‌ಲೆಸ್ ಸ್ವಿಚ್ ಇದೆಯೇ ಎಂದು ಬೆರಳಾಡಿಸಿ ನೋಡಿ. 2008ರಿಂದ 2012ರ ನಡುವಿನ ಹಲವು ಮಾದರಿಗಳಲ್ಲಿ ಅದು ಮುಂಭಾಗದ ಕೆಳಗೆ ಅಡಗಿ ಕುಳಿತಿರುತ್ತದೆ, ಚೀಲದೊಳಗೆ ತುರುಕುವಾಗ ತಾನಾಗಿ ಜರುಗಿರುತ್ತದೆ. ಸ್ವಿಚ್ ಇಲ್ಲದಿದ್ದರೆ ಕೀಲಿಮಣೆಯ ಮೇಲ್ಸಾಲಿನಲ್ಲಿ ಗೋಪುರದ ಚಿತ್ರವಿರುವ ಕೀಲಿಯನ್ನು ಒತ್ತಿ ನೋಡಿ.

ಅದರಿಂದ ಆಗದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಇಲ್ಲಿ ಮೂರು ಬಗೆಯ ನೋಟ ಸಾಧ್ಯ. ವೈಫೈ ಕಾರ್ಡ್ ತನ್ನ ಸ್ವಂತ ಹೆಸರಿನಲ್ಲಿ, ಯಾವ ಗುರುತೂ ಇಲ್ಲದೆ ಇದ್ದರೆ ಡ್ರೈವರ್ ಇದೆ, ತೊಂದರೆ ರೂಟರ್‌ನಲ್ಲೋ ಪಾಸ್‌ವರ್ಡ್‌ನಲ್ಲೋ ಇದೆ. ‘ಅದರ್ ಡಿವೈಸಸ್’ ಎಂಬ ಗುಂಪಿನ ಕೆಳಗೆ ಹಳದಿ ತ್ರಿಕೋನದೊಂದಿಗೆ ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿದ್ದರೆ ಚಿಪ್ ಬದುಕಿದೆ, ಡ್ರೈವರ್ ಇಲ್ಲ. ಎಲ್ಲಿಯೂ ಏನೂ ಕಾಣದಿದ್ದರೆ ಮಾತ್ರ ಕಾರ್ಡ್ ಸಡಿಲವಾಗಿರುವ, ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಯಂತ್ರದ ಮೂಲ ಸೆಟ್ಟಿಂಗ್‌ಗಳ ತಂತ್ರಾಂಶ) ಆಫ್ ಮಾಡಿರುವ ಅಥವಾ ನಿಜವಾಗಿಯೂ ಸತ್ತಿರುವ ಅನುಮಾನಕ್ಕೆ ಆಸ್ಪದವಿದೆ.

ಹಳದಿ ತ್ರಿಕೋನದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಒಂದು ಕೋಡ್ ಸಂಖ್ಯೆ ಸಿಗುತ್ತದೆ. 28 ಎಂದರೆ ಡ್ರೈವರ್ ಸ್ಥಾಪನೆಯಾಗಿಲ್ಲ. 10 ಎಂದರೆ ಡ್ರೈವರ್ ಇದೆ ಆದರೆ ಸಾಧನ ಆರಂಭವಾಗುತ್ತಿಲ್ಲ, ಹೆಚ್ಚಿನ ಸಲ ತಪ್ಪು ಆವೃತ್ತಿಯ ಡ್ರೈವರ್ ಇದಕ್ಕೆ ಕಾರಣ. 52 ಎಂದರೆ ಡ್ರೈವರ್‌ನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. 43 ಎಂದರೆ ಸಾಧನವೇ ತನ್ನಲ್ಲಿ ದೋಷವಿದೆಯೆಂದು ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಈ ನಾಲ್ಕರಲ್ಲಿ ಭಾಗವೇ ಕೆಟ್ಟಿರುವ ಸಾಧ್ಯತೆ ಹೆಚ್ಚಿರುವುದು ಇದರಲ್ಲಿ.

ಅದೇ ಕಿಟಕಿಯ ‘ಡೀಟೇಲ್ಸ್’ ಪುಟದಲ್ಲಿ ‘ಹಾರ್ಡ್‌ವೇರ್ ಐಡೀಸ್’ ಆಯ್ದುಕೊಂಡರೆ ಕಾಣುವ ಉದ್ದನೆಯ ಸಾಲೇ ಚಿಪ್‌ನ ಜಾತಕ. ಅದರಲ್ಲಿ ‘ವೆನ್’ ಎಂಬುದರ ಮುಂದಿನ ನಾಲ್ಕು ಅಕ್ಷರ-ಅಂಕಿಗಳು ತಯಾರಕರನ್ನೂ, ‘ಡೆವ್’ ಎಂಬುದರ ಮುಂದಿನ ನಾಲ್ಕು ನಿಖರ ಮಾದರಿಯನ್ನೂ ಹೇಳುತ್ತವೆ. 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಎಂದರೆ ಬ್ರಾಡ್‌ಕಾಮ್, 168ಸಿ ಎಂದರೆ ಅಥೆರಾಸ್, 10ಡಿಇ ಎಂದರೆ ಎನ್‌ವಿಡಿಯಾ. ಇಂಟೆಲ್ ತನ್ನ ಹಳೆಯ 8086 ಪ್ರೊಸೆಸರ್‌ನ ಹೆಸರನ್ನೇ ಗುರುತಿನ ಸಂಖ್ಯೆಯಾಗಿ ಇಟ್ಟುಕೊಂಡಿದೆ. ಆ ಮಟ್ಟಿಗೆ ಈ ಜಾತಕಕ್ಕೆ ಗೋತ್ರವೂ ಉಂಟು. ಲ್ಯಾಪ್‌ಟಾಪ್‌ನ ಹೊರಗೆ ಅಂಟಿಸಿದ ಮಾದರಿ ಹೆಸರನ್ನು ನಂಬಿ ಡ್ರೈವರ್ ಹುಡುಕುವುದು ದಂಡ, ಏಕೆಂದರೆ ಒಂದೇ ಮಾದರಿಯೊಳಗೆ ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಕಂಪನಿಯ ವೈಫೈ ಕಾರ್ಡ್‌ಗಳನ್ನು ಹಾಕಿರುವುದು ಸರ್ವೇಸಾಮಾನ್ಯ.

ವೈಫೈ ಇಲ್ಲದೆ ವೈಫೈ ಡ್ರೈವರ್ ಇಳಿಸಿಕೊಳ್ಳುವುದು ಹೇಗೆ ಎಂಬ ಪೀಕಲಾಟಕ್ಕೆ ಪರಿಹಾರ ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿದರೆ ಕಂಪ್ಯೂಟರ್‌ಗೆ ಇಂಟರ್ನೆಟ್ ಸಿಗುತ್ತದೆ. ಆಗ ವಿಂಡೋಸ್ ಅಪ್‌ಡೇಟ್‌ನ ‘ಆಪ್ಷನಲ್ ಅಪ್‌ಡೇಟ್ಸ್’ ಪಟ್ಟಿಯನ್ನು ಮೊದಲು ನೋಡಿ, ನಂತರ ಲ್ಯಾಪ್‌ಟಾಪ್ ತಯಾರಕರ ತಾಣ, ಕೊನೆಗೆ ಐಡಿ ಸಂಖ್ಯೆಯೊಂದಿಗೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್. ವಿಂಡೋಸ್ 10ರ ಡ್ರೈವರ್ ಸಿಗದಿದ್ದರೆ ವಿಂಡೋಸ್ 8.1 ಅಥವಾ 7ರ 64 ಬಿಟ್ ಡ್ರೈವರ್ ಅನೇಕ ಬಾರಿ ಕೆಲಸ ಮಾಡುತ್ತದೆ. ‘ಎಲ್ಲ ಡ್ರೈವರ್‌ಗಳೂ ಒಂದೇ ಕ್ಲಿಕ್‌ನಲ್ಲಿ’ ಎಂದು ಆಮಿಷ ಒಡ್ಡುವ ಉಚಿತ ತಂತ್ರಾಂಶಗಳ ಹತ್ತಿರ ಸುಳಿಯಬೇಡಿ. ಅಂಥದ್ದೊಂದನ್ನು ಅವಸರದಲ್ಲಿ ಹಾಕಿ, ಅದು ತಂದ ಜಾಹೀರಾತು ಕಸವನ್ನು ಗುಡಿಸಲು ನಾನೇ ಅರ್ಧ ದಿನ ಕಳೆದಿದ್ದೇನೆ.

ಇಷ್ಟಾದರೂ ತೀರ್ಮಾನ ಸಿಗದಿದ್ದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು 8 ಜಿಬಿ ಪೆನ್ ಡ್ರೈವ್‌ಗೆ ಬರೆದು, ಸ್ಥಾಪಿಸದೆ ಅದರಿಂದಲೇ ಬೂಟ್ ಮಾಡಿ. ಡಿಸ್ಕ್‌ನಲ್ಲಿರುವ ವಿಂಡೋಸ್‌ಗೆ ಇದರಿಂದ ಧಕ್ಕೆಯಿಲ್ಲ, ‘ಇನ್‌ಸ್ಟಾಲ್’ ಎಂಬುದನ್ನು ಮಾತ್ರ ಒತ್ತಬಾರದು. ಅಲ್ಲಿ ವೈಫೈ ಕಂಡರೆ ಕಾರ್ಡ್ ಸರಿಯಿದೆ ಎಂಬುದು ಇತ್ಯರ್ಥವಾದಂತೆ. ಕಾಣದಿದ್ದರೆ ಮಾತ್ರ ತಕ್ಷಣ ತೀರ್ಪು ಕೊಡಬೇಡಿ: ಬ್ರಾಡ್‌ಕಾಮ್‌ನ ಕೆಲವು ಚಿಪ್‌ಗಳಿಗೆ ಲಿನಕ್ಸ್‌ನಲ್ಲಿಯೂ ಡ್ರೈವರನ್ನು ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ. ಮದ್ದೂರಿನ ಲ್ಯಾಪ್‌ಟಾಪ್‌ಗೆ ಕೊನೆಗೂ ವಿಂಡೋಸ್ 10ರಲ್ಲಿ ಸ್ಥಿರವಾಗಿ ನಿಲ್ಲುವ ಡ್ರೈವರ್ ಸಿಗಲಿಲ್ಲ. ಕೆಲವೇ ನೂರು ರೂಪಾಯಿಯ, ಉಗುರಿನಷ್ಟು ದೊಡ್ಡ ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿ ಕಳುಹಿಸಿದೆ.

ಲಕ್ಷಣ: ಅಕ್ಷರಗಳು ಊದಿಕೊಂಡಿವೆ, ಪರದೆಯ ಬೆಳಕು ಕಡಿಮೆಯಾಗುವುದಿಲ್ಲ

ಡಿವೈಸ್ ಮ್ಯಾನೇಜರ್‌ನ ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ವಿಂಡೋಸ್ ಸದ್ಯಕ್ಕೆ ತಾತ್ಕಾಲಿಕ ಡ್ರೈವರ್‌ನಿಂದ ದಿನ ತಳ್ಳುತ್ತಿದೆ ಎಂದರ್ಥ. ಹೊಸದಾಗಿ ಸ್ಥಾಪಿಸಿದ ಮೊದಲ ದಿನ ಇದು ಸಹಜ. ಇಂಟರ್ನೆಟ್ ಕೊಟ್ಟು ಒಂದು ಗಂಟೆ ಬಿಟ್ಟರೆ ವಿಂಡೋಸ್ ಅಪ್‌ಡೇಟ್ ತಾನಾಗಿ ಸರಿಯಾದ ಡ್ರೈವರ್ ತರಬಹುದು. ಎರಡು ದಿನ ಕಳೆದರೂ ಹಾಗೆಯೇ ಇದ್ದರೆ ಐಡಿ ಹಿಡಿದು ಹುಡುಕಬೇಕು.

ಮೊದಲು ಸರಿಯಿದ್ದು ಅಪ್‌ಡೇಟ್ ಆದ ಮೇಲೆ ಪರದೆ ಮಿಣುಕತೊಡಗಿದರೆ ಕ್ರಮ ಬೇರೆ. ಆ ಅಡಾಪ್ಟರ್‌ನ ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್’ ಗುಂಡಿ ಒತ್ತಿ ಹಿಂದಿನ ಡ್ರೈವರ್‌ಗೆ ಮರಳಿ. ಆ ಗುಂಡಿ ಮಂಕಾಗಿದ್ದರೆ ಹಿಂದಿನದು ಉಳಿದಿಲ್ಲ. ಮಿಣುಕುವಿಕೆ ಬಯೋಸ್ ಪುಟದಲ್ಲಿಯೂ ಕಂಡರೆ ಡ್ರೈವರ್‌ನ ಮಾತೇ ಬರುವುದಿಲ್ಲ, ಏಕೆಂದರೆ ಅಲ್ಲಿ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ. ಪರದೆಯ ಕೇಬಲ್ ಅಥವಾ ಪ್ಯಾನೆಲ್ ಕಡೆ ನೋಡಬೇಕು, ಮತ್ತು ಅದನ್ನು ಅನುಭವಸ್ಥರಿಗೆ ಬಿಡಬೇಕು.

ಲಕ್ಷಣ: ಸದ್ದಿಲ್ಲ

ಧ್ವನಿ ಎಚ್‌ಡಿಎಂಐ ಮೂಲಕ ಟಿವಿಯತ್ತ ಹೋಗುವಂತೆ ಆಯ್ಕೆಯಾಗಿದೆಯೇ ನೋಡಿ. ಇಲ್ಲವಾದರೆ ರಿಯಲ್‌ಟೆಕ್‌ನ ಡ್ರೈವರ್ ತೆಗೆದು, ಪಟ್ಟಿಯಿಂದ ‘ಹೈ ಡೆಫಿನಿಷನ್ ಆಡಿಯೋ ಡಿವೈಸ್’ ಎಂಬ ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರನ್ನು ಆಯ್ದುಕೊಳ್ಳಿ. ಬಹುಪಾಲು ಯಂತ್ರಗಳು ಇಷ್ಟಕ್ಕೆ ಬಾಯಿ ಬಿಡುತ್ತವೆ.

ಲಕ್ಷಣ: ಪ್ರಿಂಟರ್ ಪಟ್ಟಿಯಲ್ಲಿದೆ, ಕಾಗದ ಮಾತ್ರ ಹೊರಬರುವುದಿಲ್ಲ

ತಾಲ್ಲೂಕು ಕಚೇರಿಯ ಸುತ್ತಮುತ್ತ ಪಹಣಿ ಮುದ್ರಿಸಿಕೊಡುವ ಜೆರಾಕ್ಸ್ ಅಂಗಡಿಗಳಲ್ಲಿ ಹದಿನೈದು ವರ್ಷ ಹಳೆಯ ಲೇಸರ್ ಪ್ರಿಂಟರ್‌ಗಳು ಇಂದಿಗೂ ದುಡಿಯುತ್ತಿವೆ, ಟೋನರ್ ಅಗ್ಗ, ರಿಪೇರಿ ಸುಲಭ. ಆದ್ದರಿಂದ ಅಪ್‌ಗ್ರೇಡ್‌ನ ನಿಜವಾದ ಪೆಟ್ಟು ಬೀಳುವುದು ಇಲ್ಲಿ, ಅದೂ ಬೆಳಿಗ್ಗೆ ಹತ್ತೂವರೆಗೆ, ಸಾಲು ನಿಂತಿರುವಾಗ.

ಮೊದಲು ಮುದ್ರಣದ ಸರದಿಯನ್ನು ಖಾಲಿ ಮಾಡಿ. ‘ಸರ್ವಿಸಸ್’ನಲ್ಲಿ ಆ ಸರದಿಯನ್ನು ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ಅನ್ನು ರೀಸ್ಟಾರ್ಟ್ ಮಾಡಿ. ಯುಎಸ್‌ಬಿ ಕೇಬಲ್ ಬೇರೆ ರಂಧ್ರಕ್ಕೆ ಬದಲಾದಾಗ ವಿಂಡೋಸ್ ಅದೇ ಪ್ರಿಂಟರನ್ನು ‘ಕಾಪಿ 1’ ಎಂಬ ಹೆಸರಿನಲ್ಲಿ ಮತ್ತೊಮ್ಮೆ ಸೇರಿಸಿಕೊಳ್ಳುವುದುಂಟು. ನೀವು ಆದೇಶ ಕೊಡುವುದು ಹಳೆಯ ಹೆಸರಿಗೆ, ಕೇಬಲ್ ಇರುವುದು ಹೊಸ ಹೆಸರಿಗೆ. ಅಪ್‌ಗ್ರೇಡ್ ದೋಷವೆಂದು ಬಂದ ಪ್ರಿಂಟರ್ ದೂರುಗಳಲ್ಲಿ ಇದು ನನಗೆ ಪದೇ ಪದೇ ಸಿಗುವ ಕಾರಣ.

ಎಚ್‌ಪಿ ಲೇಸರ್‌ಜೆಟ್ 1020ರಂತಹ ಮಾದರಿಗಳ ಸ್ವಭಾವವೊಂದನ್ನು ತಿಳಿದಿರಬೇಕು. ಈ ಪ್ರಿಂಟರ್ ತನ್ನನ್ನು ನಡೆಸುವ ಒಳ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ಕಾಯಂ ಆಗಿ ಒಳಗಿಟ್ಟುಕೊಂಡಿರುವುದಿಲ್ಲ. ಪ್ರತಿ ಬಾರಿ ವಿದ್ಯುತ್ ಬಂದಾಗ ಕಂಪ್ಯೂಟರ್‌ನ ಡ್ರೈವರ್ ಅದನ್ನು ಹೊಸದಾಗಿ ತುಂಬಬೇಕು. ಹೀಗಾಗಿ ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ಯುಪಿಎಸ್‌ನಲ್ಲಿ ಉಳಿದು ಪ್ರಿಂಟರ್ ಮಾತ್ರ ಆರಿ ಹೊತ್ತಿದ್ದರೆ, ಅಥವಾ ಹೊಸ ವಿಂಡೋಸ್‌ನಲ್ಲಿ ಸಾಮಾನ್ಯ ಡ್ರೈವರ್ ಕುಳಿತಿದ್ದರೆ, ಹಸಿರು ದೀಪ ಉರಿಯುತ್ತಲೇ ಇದ್ದು ಕಾಗದ ಕದಲದಿರಬಹುದು. ಕಂಪ್ಯೂಟರ್ ಪೂರ್ತಿ ಎದ್ದ ನಂತರ ಪ್ರಿಂಟರ್ ಆರಿಸಿ, ಹತ್ತು ಸೆಕೆಂಡ್ ಬಿಟ್ಟು ಹೊತ್ತಿಸಿ. ಫರ್ಮ್‌ವೇರ್ ಇಳಿದಾಗ ಮೋಟಾರು ಒಮ್ಮೆ ಗರ್ರೆನ್ನುವ ಸದ್ದು ಕೇಳುತ್ತದೆ. ಆ ಸದ್ದು ಬಂದರೆ ಅರ್ಧ ಕೆಲಸ ಆದಂತೆ.

ಇನ್ನುಳಿದದ್ದು ಕಠಿಣ ಪ್ರಸಂಗ: ಡ್ರೈವರ್ 32 ಬಿಟ್‌ನದು ಮಾತ್ರ ಇರುವ ಪ್ರಿಂಟರ್ ಮತ್ತು ಸ್ಕ್ಯಾನರ್‌ಗಳು. 64 ಬಿಟ್ ವಿಂಡೋಸ್ 32 ಬಿಟ್ ಡ್ರೈವರನ್ನು ಒಪ್ಪುವುದೇ ಇಲ್ಲ, ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಇಲ್ಲ. ಇಲ್ಲಿ ಮೂರು ದಾರಿಗಳಿವೆ. ಹಳೆಯ ವಿಂಡೋಸನ್ನು ವರ್ಚುವಲ್ ಯಂತ್ರದೊಳಗೆ (ಕಂಪ್ಯೂಟರ್‌ನೊಳಗೆ ತಂತ್ರಾಂಶದಿಂದ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರ್) ನಡೆಸಿ ಯುಎಸ್‌ಬಿ ಸಾಧನವನ್ನು ಅದಕ್ಕೆ ಒಪ್ಪಿಸುವುದು. ಲಿನಕ್ಸ್‌ನಲ್ಲಿ ಪ್ರಯತ್ನಿಸುವುದು, ಅಲ್ಲಿನ ‘ಸೇನ್’ ವ್ಯವಸ್ಥೆ ತಯಾರಕರೇ ಮರೆತ ಎಷ್ಟೋ ಸ್ಕ್ಯಾನರ್‌ಗಳನ್ನು ಇನ್ನೂ ನಡೆಸುತ್ತದೆ. ಇಲ್ಲವೇ ಹಳೆಯ ಕಂಪ್ಯೂಟರ್ ಒಂದನ್ನು ಇಂಟರ್ನೆಟ್ ಸಂಪರ್ಕವಿಲ್ಲದೆ ಆ ಸ್ಕ್ಯಾನರ್‌ಗೆಂದೇ ಮೂಲೆಯಲ್ಲಿ ಇಡುವುದು. ಅಂಗಡಿ ನಡೆಸುವವರಿಗೆ ನಾನು ಮೂರನೆಯದನ್ನೇ ಹೇಳುತ್ತೇನೆ.

ಲಕ್ಷಣ: ಹಳೆಯ ಕನ್ನಡ ಕಡತಗಳು ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ

ಗಾಬರಿ ಬೇಡ, ಕಡತ ಕೆಟ್ಟಿಲ್ಲ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರಗಳು ಆ ಫಾಂಟ್ ಇದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತವೆ. ಹೊಸ ವಿಂಡೋಸ್ ಹಾಕುವಾಗ ಫಾಂಟ್‌ಗಳು ಹೋಗಿರುತ್ತವೆ. ನುಡಿಯನ್ನು ಮತ್ತೆ ಸ್ಥಾಪಿಸಿ, ಅಥವಾ ‘ವಿಂಡೋಸ್ ಡಾಟ್ ಓಲ್ಡ್’ ಒಳಗಿನ ಫಾಂಟ್ಸ್ ಫೋಲ್ಡರ್‌ನಿಂದ ಬೇಕಾದ್ದನ್ನು ನಕಲಿಸಿ. ಯೂನಿಕೋಡ್‌ಗೆ ಪರಿವರ್ತಿಸುವುದಿದ್ದರೆ ಮೂಲ ಕಡತದ ಪ್ರತಿಯ ಮೇಲೆ ಮಾಡಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಾರೆ ತಿದ್ದಿ. ತುಂಗಾ ಫಾಂಟ್ ಕಾಣೆಯಾಗಿದೆ ಎಂಬ ದೂರಿಗೆ ಉತ್ತರ ಇನ್ನೂ ಸರಳ: ವಿಂಡೋಸ್ 10ರಿಂದ ಅದು ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬ ಐಚ್ಛಿಕ ಸೌಲಭ್ಯದಲ್ಲಿ ಸೇರಿದೆ, ಅಲ್ಲಿಂದ ಸೇರಿಸಿಕೊಳ್ಳಬಹುದು.

ಲಕ್ಷಣ: ಎಲ್ಲವೂ ಇದೆ, ಆದರೆ ಆಮೆಯ ನಡಿಗೆ

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸತತವಾಗಿ 100 ಪ್ರತಿಶತ ತೋರಿಸುತ್ತಿದ್ದರೆ ಮೊದಲ ದಿನ ಕಾಯಿರಿ. ಅಪ್‌ಗ್ರೇಡ್ ಆದ ಕೂಡಲೇ ವಿಂಡೋಸ್ ಕಡತಗಳ ಸೂಚಿ ತಯಾರಿಸುತ್ತಿರುತ್ತದೆ. ಮೂರು ದಿನದ ನಂತರವೂ ಹಾಗೆಯೇ ಇದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ಸಾಧನದಿಂದ ಡಿಸ್ಕ್‌ನ ಆರೋಗ್ಯ ನೋಡಿ. ಹಳದಿ ಬಣ್ಣದ ‘ಕಾಷನ್’ ಬಂದರೆ ಡ್ರೈವರ್ ಹುಡುಕುವುದನ್ನು ಬದಿಗಿಟ್ಟು ಮಾಹಿತಿ ಉಳಿಸಿಕೊಳ್ಳಿ. ಡಿಸ್ಕ್ ಆರೋಗ್ಯವಾಗಿದ್ದು ತಿರುಗುವ ಬಗೆಯದಾಗಿದ್ದರೆ ದೋಷವೇ ಇಲ್ಲ, ಇಂದಿನ ವಿಂಡೋಸ್‌ಗೆ ಆ ವೇಗ ಸಾಲದು, ಅಷ್ಟೇ. ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಮತ್ತು ಒಟ್ಟು 8 ಜಿಬಿ ರ‍್ಯಾಮ್ ಹಾಕಿದರೆ ಹಳೆಯ ಐ3 ಪ್ರೊಸೆಸರ್ ಕೂಡ ಚುರುಕಾಗುತ್ತದೆ.

ಡಿಸ್ಕ್ ಸುಮ್ಮನಿದ್ದು ಪ್ರೊಸೆಸರ್ ವೇಗವೇ ಕುಗ್ಗಿದ್ದರೆ ಶಾಖದ ಕಡೆ ನೋಡಿ. ಪಾಂಡವಪುರದ ಕಡೆಯ ಆಲೆಮನೆಯೊಂದರ ಲೆಕ್ಕದ ಲ್ಯಾಪ್‌ಟಾಪ್ ಬಿಚ್ಚಿದಾಗ ಫ್ಯಾನಿನ ಹಿಂದಿನ ತಾಮ್ರದ ರೆಕ್ಕೆಗಳ ನಡುವೆ ಮಸಿ ಮತ್ತು ಧೂಳು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು, ಚಿಮುಟದಿಂದ ಹಿಡಿದೆಳೆದರೆ ಒಂದೇ ಪಟ್ಟಿಯಾಗಿ ಎದ್ದು ಬಂತು. ಮಾಲೀಕರು ಎರಡು ತಿಂಗಳಿನಿಂದ ವಿಂಡೋಸನ್ನು ಬೈಯುತ್ತಿದ್ದರು.

ಲಕ್ಷಣ: ಈ ಪಿಸಿಯಲ್ಲಿ ವಿಂಡೋಸ್ 11 ನಡೆಯುವುದಿಲ್ಲ ಎಂಬ ಸಂದೇಶ

ಇದು ದೋಷವಲ್ಲ, ನಿಯಮ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತಾ ಕೀಲಿಗಳನ್ನು ಕಾಯುವ ಘಟಕ), ಸೆಕ್ಯೂರ್ ಬೂಟ್ ಸಾಧ್ಯವಿರುವ ಯುಇಎಫ್‌ಐ (ಬಯೋಸ್‌ನ ಹೊಸ ರೂಪ), 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಮತ್ತು ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನಲ್ಲಿ ಸ್ಥೂಲವಾಗಿ 8ನೇ ತಲೆಮಾರಿನಿಂದ ಮುಂದಿನವು. ಪ್ರೊಸೆಸರ್ ಪಟ್ಟಿಯಲ್ಲಿದ್ದೂ ಟಿಪಿಎಂ ಇಲ್ಲವೆಂದು ಬಂದರೆ ಬಯೋಸ್‌ನಲ್ಲಿ ಇಂಟೆಲ್ ಯಂತ್ರಗಳಲ್ಲಿ ‘ಪಿಟಿಟಿ’, ಎಎಂಡಿ ಯಂತ್ರಗಳಲ್ಲಿ ‘ಎಫ್‌ಟಿಪಿಎಂ’ ಆರಿರುತ್ತದೆ, ಹೊತ್ತಿಸಿದರೆ ಸಾಕು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಇದನ್ನು ಮುಟ್ಟುವ ಮುನ್ನ 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಇಲ್ಲವಾದರೆ ಬೀಗ ನಿಮ್ಮದು, ಕೀಲಿ ಯಾರದ್ದೂ ಅಲ್ಲ ಎಂಬಂತಾಗುತ್ತದೆ.

ಈ ಪರೀಕ್ಷೆಯನ್ನು ದಾಟಿಸುವ ಉಪಾಯಗಳು ಚಾಲ್ತಿಯಲ್ಲಿವೆ. ನಾನು ಮನೆಯ ಯಂತ್ರಕ್ಕೂ ಅವನ್ನು ಸಲಹೆ ಮಾಡುವುದಿಲ್ಲ, ಏಕೆಂದರೆ ಮುಂದಿನ ಆವೃತ್ತಿ ಬಂದಾಗ ಏನಾಗುವುದೆಂಬ ಭರವಸೆಯಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಹಾಗೆಯೇ ಆಯಿತು: ಎಸ್‌ಎಸ್‌ಇ 4.2 ಆದೇಶಗಳಿಲ್ಲದ ಕೋರ್ 2 ಡ್ಯುಯೊದಂತಹ ಪ್ರೊಸೆಸರ್‌ಗಳಲ್ಲಿ ಅದು ಬೂಟ್ ಆಗುವುದೇ ಇಲ್ಲ, ಯಾವ ಉಪಾಯವೂ ಅಲ್ಲಿ ನಡೆಯದು. ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರುವವರು ವಿಸ್ತೃತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಕಾಲಾವಕಾಶವಿದೆ. ಕೇವಲ ಬ್ರೌಸರ್, ಪತ್ರ, ವಿಡಿಯೊಗೆ ಬಳಸುವ ಯಂತ್ರವಾದರೆ ಲಿನಕ್ಸ್ ಮಿಂಟ್ ಹಾಕಿಸುವುದು ಒಳ್ಳೆಯದು; ಕನ್ನಡ ಟೈಪಿಂಗ್‌ಗೆ ಅದರಲ್ಲಿ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿ ಬಳಸಿದ ಕೈಗೆ ಹೊಸದೆನಿಸದು. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಸಾಧನ ಬಳಸುವವರು ಮಾತ್ರ ತಮ್ಮ ಸಾಧನಕ್ಕೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಲಕ್ಷಣ: ಕಪ್ಪು ಪರದೆ, ಅಥವಾ ಮತ್ತೆ ಮತ್ತೆ ತಾನಾಗಿ ಆರಂಭವಾಗುವುದು

ಪ್ರಿಂಟರ್, ಪೆನ್ ಡ್ರೈವ್, ಡಾಂಗಲ್ ಎಲ್ಲವನ್ನೂ ಕಿತ್ತು ಒಮ್ಮೆ ಹೊತ್ತಿಸಿ. ಬೂಟ್ ಆಗುವುದು ಸತತ ಎರಡು ಮೂರು ಬಾರಿ ವಿಫಲವಾದರೆ ವಿಂಡೋಸ್ ತಾನೇ ರಿಕವರಿ ಪುಟವನ್ನು ತೆರೆಯುತ್ತದೆ. ಅಲ್ಲಿಂದ, ಅತ್ಯಗತ್ಯ ಡ್ರೈವರ್‌ಗಳಷ್ಟೇ ಏಳುವ ಸೇಫ್ ಮೋಡ್‌ಗೆ ಹೋಗಿ. ಸೇಫ್ ಮೋಡ್‌ನಲ್ಲಿ ಯಂತ್ರ ಅರ್ಧ ಗಂಟೆ ನೆಮ್ಮದಿಯಾಗಿ ನಿಂತರೆ ದೋಷ ಬಹುತೇಕ ಡ್ರೈವರ್‌ನದು. ಕೊನೆಯದಾಗಿ ಹಾಕಿದ ಡ್ರೈವರ್ ಅಥವಾ ಅಪ್‌ಡೇಟ್ ತೆಗೆಯಿರಿ. ಅಲ್ಲಿಯೂ ಬಿದ್ದರೆ ರ‍್ಯಾಮ್, ಡಿಸ್ಕ್ ಅಥವಾ ವಿದ್ಯುತ್ ಪೂರೈಕೆಯ ದೋಷವೆಂದು ತಿಳಿದು ಸ್ವಂತ ಪ್ರಯತ್ನ ನಿಲ್ಲಿಸಿ.

ಬಯೋಸ್ ಅಪ್‌ಡೇಟ್ ಮಾಡಿದರೆ ಸರಿಹೋದೀತು ಎಂಬ ಸಲಹೆ ಎಲ್ಲಿಂದಲಾದರೂ ಬಂದೇ ಬರುತ್ತದೆ. ಅದು ಕೊನೆಯ ಅಸ್ತ್ರ. ಹಲವು ವರ್ಷಗಳ ಹಿಂದೆ ಯುಪಿಎಸ್ ಇಲ್ಲದೆ ಒಂದು ಡೆಸ್ಕ್‌ಟಾಪ್‌ಗೆ ಬಯೋಸ್ ಬರೆಯುತ್ತಿದ್ದಾಗ ಅರ್ಧದಲ್ಲಿ ಕರೆಂಟ್ ಹೋಯಿತು, ಆ ಬೋರ್ಡ್ ಮತ್ತೆ ಏಳಲಿಲ್ಲ, ಗ್ರಾಹಕರಿಗೆ ಹಣ ಕೊಟ್ಟದ್ದು ನಾನು. ಡೆಸ್ಕ್‌ಟಾಪ್ ಆದರೆ ಚೆನ್ನಾಗಿರುವ ಯುಪಿಎಸ್, ಲ್ಯಾಪ್‌ಟಾಪ್ ಆದರೆ ತುಂಬಿದ ಬ್ಯಾಟರಿ ಮತ್ತು ಚಾರ್ಜರ್ ಎರಡೂ ಇಲ್ಲದೆ ಆ ಕೆಲಸಕ್ಕೆ ಇಳಿಯಬೇಡಿ.

ಕೂಡಲೇ ನಿಲ್ಲಿಸಬೇಕಾದ ಸಂದರ್ಭಗಳು

ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಅಥವಾ ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಒಳಗಿನ ಬ್ಯಾಟರಿ ಊದಿದೆ. ಚಾರ್ಜರ್ ತೆಗೆಯಿರಿ, ಯಂತ್ರ ಆರಿಸಿ, ಒತ್ತಿ ಸಮ ಮಾಡಲು ಹೋಗಬೇಡಿ, ಮೊನಚಾದ ವಸ್ತು ತಾಗಿಸಬೇಡಿ; ಬ್ಯಾಟರಿ ತೆಗೆಯುವುದನ್ನು ಬಲ್ಲವರಿಗೆ ಬಿಟ್ಟು, ತೆಗೆದದ್ದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಎಂದು ಲಯಬದ್ಧ ಸದ್ದು ಬಂದರೆ ಮತ್ತೆ ಮತ್ತೆ ಹೊತ್ತಿಸಿ ಪರೀಕ್ಷಿಸುವುದು ಉಳಿದಿರುವ ಮಾಹಿತಿಯನ್ನೂ ಕಳೆಯುವ ದಾರಿ. ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ ಆರಿಸಿ. ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಡಬ್ಬಿಯನ್ನು ಪ್ಲಗ್ ಕಿತ್ತ ಮೇಲೂ ಬಿಚ್ಚಬೇಡಿ, ಅದರೊಳಗಿನ ಕೆಪಾಸಿಟರ್‌ಗಳು ಅಪಾಯಕಾರಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ.

ರಿಪೇರಿಗೆ ಕೊಡುವ ನಿರ್ಧಾರ ಮಾಡಿದ್ದರೆ ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದು ಯಂತ್ರದ ಜೊತೆ ಕೊಡಿ: ಮೊದಲಿದ್ದ ವಿಂಡೋಸ್, ಈಗಿರುವ ವಿಂಡೋಸ್, ಹಳದಿ ತ್ರಿಕೋನದ ಕೋಡ್, ಹಾರ್ಡ್‌ವೇರ್ ಐಡಿ. ಆ ಚೀಟಿ ನೋಡಿದ ಮೇಲೂ ‘ಬೋರ್ಡ್ ಹೋಗಿದೆ’ ಎನ್ನುವವರಿಗೆ, ಪೆನ್ ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ತೋರಿಸುವಂತೆ ಕೇಳಿ.